ಆಗಸ್ಟ್ ಪುಟ

ಕಿಸುಮುವಿನ ಆಸ್ಪತ್ರೆಯಲ್ಲಿ, ಚೀಟಿ ಕೂಗುವ ಕಿಟಕಿಯ ಪಕ್ಕ,
ಅಪೊಂಡಿ ತಾನು ತೆಗೆದ ಚಿತ್ರ ಕಂಡಳು.
ಮೊಳೆಗೆ ನೇತುಬಿದ್ದಿತ್ತು. ಆಗಸ್ಟ್.
ದುಂಗಾ ದಂಡೆ, ಬೆಳಗಿನ ಆರೂಕಾಲು,
ಬಲೆಯ ಮೇಲೆ ಹರಡಿದ ಒಮೆನಾ ಮೀನು, ಬೆರಳುದ್ದದ ಬೆಳ್ಳಿ,
ಬಗ್ಗಿ ಅದನ್ನು ತಿರುವುತ್ತಿರುವ ಹೆಂಗಸು.
ಕೆಳಗೆ ಕಂಪನಿಯ ಹೆಸರು, ಫೋನ್ ನಂಬರು.
ತೆಗೆದವಳ ಹೆಸರಿಲ್ಲ.
ಹದಿನಾಲ್ಕನೇ ತಾರೀಖಿಗೆ ಯಾರೋ ಸುತ್ತು ಹಾಕಿದ್ದರು: ಚುಚ್ಚುಮದ್ದು.

ಮೂರು ದಿನದ ಕೆಲಸ. ಬಾಡಿಗೆಗೆ ತಂದ ಲೆನ್ಸು.
ಒಪ್ಪಂದ? ಚಹಾದಂಗಡಿಯಲ್ಲಿ ಒಂದು ಕೈಕುಲುಕು,
"ಅಚ್ಚಾದ ಮೇಲೆ ಕೊಡ್ತೀವಿ, ನೀನು ನಮ್ಮ ಮಗಳಿದ್ದಂತೆ."
ಆ "ಮೇಲೆ"ಗೆ ಏಣಿ ಇರಲಿಲ್ಲ.
ನವೆಂಬರಿನಲ್ಲಿ ಬಿಲ್ಲು ಕಳಿಸಿದಳು, ಜನವರಿಯಲ್ಲಿ ಮತ್ತೆ;
ದೆವ್ವಕ್ಕೆ ಹೆದರಿ ಬಾಗಿಲ ಮೇಲೆ ಬರೆಯುವಂತೆ
ಅವರು ಬರೆದರು: ನಾಳೆ ಬಾ.
ಮೇ ತಿಂಗಳಲ್ಲಿ ಒಂದೇ ಪದ: ಪೋಲೆ.
ಅಲ್ಲಿನ ಮಾತಿನಲ್ಲಿ ಅದು ಅಯ್ಯೋ ಪಾಪ.
ಕನ್ನಡದ ಕಿವಿಗೆ ಬರೀ ಪೋಲು.

ತನ್ನ ಚಿತ್ರದ ಚಿತ್ರ ತೆಗೆದುಕೊಂಡಳು, ಸಾಕ್ಷಿಗೆ.
ಸಿಟ್ಟಿನಲ್ಲೇ ದಂಡೆಗೆ ಹೋದಳು, ಹೇಳಿಕೊಳ್ಳಲು.
ಆ ಹೆಂಗಸು, ಅಸೆಂಬೊದಿಂದ ಮದುವೆಯಾಗಿ ಬಂದವಳು,
ದಂಡೆಗೆಲ್ಲ ನ್ಯಾರ್ ಅಸೆಂಬೊ,
ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು.
"ಬೆನ್ನು ನನ್ನದೇ. ಈ ಲೆಸೊ ಬಟ್ಟೆ ಒಲೆಗೆ ತಾಗಿ ಸುಟ್ಟುಹೋಯ್ತು."
ಆಮೇಲೆ, ಮೀನು ತಿರುವುತ್ತಲೇ:
"ಅವರು ನಿನಗೆ ಕೊಟ್ಟಿಲ್ಲ. ಸರಿ.
ನೀನು ನನಗೆ?"

ಸರೋವರದಲ್ಲಿ ಒಂದು ದೋಣಿಯ ಎಂಜಿನ್ ಕೆಮ್ಮಿ ಕೆಮ್ಮಿ ನಿಂತಿತು.

ಗೊರೊಗೊರೊ ಎತ್ತಿ ತೋರಿಸಿದಳು, ಎರಡು ಕಿಲೋ ಹಿಡಿಯುವ ತಗಡಿನ ಡಬ್ಬ:
"ಅಳೆಯುವ ಮೊದಲೇ ಕೇಳ್ತೀನಿ,
ಚೆಲ್ಲುವಷ್ಟು ತುಂಬಿಯೋ, ಅಂಗೈಲಿ ಸವರಿಯೋ.
ಮೊದಲೇ ಕೇಳಿದರೆ ವ್ಯಾಪಾರ.
ಅಳೆದಾದ ಮೇಲೆ ಕೇಳಿದರೆ ಜಗಳ."

ರಾತ್ರಿ, ತಮ್ಮನ ಗಣಿತದ ನೋಟುಬುಕ್ಕಿನಲ್ಲಿ, ಅಪೊಂಡಿ ಬರೆದಳು:
ಅರ್ಧ ಮುಂಗಡ.
ಉಳಿದದ್ದು ಚಿತ್ರ ಕೈಸೇರಿದ ಹದಿನಾಲ್ಕು ದಿನದೊಳಗೆ,
ಅಚ್ಚಾಗಲಿ ಬಿಡಲಿ, ಮಳೆ ಬರಲಿ, ನಾನು ಯಾರ ಮಗಳೇ ಆಗಿರಲಿ.
(ಕೊನೆಯದನ್ನು ಹೊಡೆದುಹಾಕಿದಳು.)
ಒಂದು ಕ್ಯಾಲೆಂಡರು, ಒಂದು ವರ್ಷ. ಡಿಸೆಂಬರ್ ದಾಟಿದರೆ
ಮತ್ತೆ ಮಾತು, ಮತ್ತೆ ಹಣ.
ಹೆಸರು, ಕನ್ನಡಕವಿಲ್ಲದೆ ಓದುವ ಗಾತ್ರದಲ್ಲಿ.
"ಮೇಲೆ" ಎಲ್ಲೂ ನುಸುಳಿಲ್ಲವೆಂದು ಎರಡು ಸಲ ಹುಡುಕಿದಳು.

ಆದರೆ ಮೊದಲು ಸಹಿಯಾದದ್ದು ಆ ಹಾಳೆಯಲ್ಲ.
ಇನ್ನೊಂದು, ಐದೇ ಸಾಲಿನದು:
ಬೆನ್ನಿಗೆ ಇಷ್ಟು, ಮುಖಕ್ಕೆ ಇಷ್ಟು, ಬೇಡವೆಂದರೆ ಬೇಡ.
ನ್ಯಾರ್ ಅಸೆಂಬೊ ಗಟ್ಟಿಯಾಗಿ ಓದಿಸಿ ಕೇಳಿದಳು,
ಮುಖದ ದರಕ್ಕೆ ಇನ್ನೂ ನೂರು ಸೇರಿಸಿದಳು,
ಆಗಸ್ಟಿನ ಬಾಕಿ, ಆರುನೂರು ಶಿಲಿಂಗ್,
ಫೋನಿನಲ್ಲಿ ಟಿಣ್ ಎನ್ನುವವರೆಗೂ ಸುಮ್ಮನೆ ಕೂತಿದ್ದಳು.
ಪೆನ್ನು ಬೇಡವೆಂದು ಹೆಬ್ಬೆರಳು ಒತ್ತಿದಳು.
ಶಾಯಿಯ ಸುಳಿಯೊಳಗೆ ಒಂದು ಹುರುಪೆ ಅಂಟಿಕೊಂಡಿತು.

ಕಂಪನಿ ಇನ್ನೂ ಉತ್ತರಿಸಿಲ್ಲ.
ತಮ್ಮ ದೂರುತ್ತಾನೆ,
ಭಿನ್ನರಾಶಿಯ ಪುಟ ತೆರೆದರೆ ಮೀನಿನ ವಾಸನೆ.