ದಪ್ಪ ಪದಗಳ ದಿನ

ಬಸ್ರಾ ಊರಿನ ಪಡುವಣ ಬಾಗಿಲಾಚೆ ಮಿರ್ಬದ್ ಸಂತೆ.
ಒಂಟೆಗಳನ್ನು ಮಂಡಿಯೂರಿಸುವ ಬಯಲಿನ ಅಂಚಿಗೆ
ನನ್ನ ಒಡೆಯ ಚಾಪೆ ಹಾಸಿ ಪದ ಕೊಳ್ಳಲು ಕೂರುತ್ತಿದ್ದ.
ಪದಕ್ಕೊಂದು ಹಿಡಿ ಖರ್ಜೂರ,
ಯಾರೂ ಕೇಳಿರದ ಪದವಾದರೆ ಎರಡು.
ಮಸಿಕುಡಿಕೆ ಹಿಡಿದು ಪಕ್ಕದಲ್ಲಿ ನಾನು,
ಹನ್ನೆರಡರ ಹುಡುಗ, ಜೊಂಡಿನ ಲೇಖನಿಗಿಂತ ಸಣಕಲು.

"ಇವತ್ತು ಮೈತುಂಬಿದವರ ಪದಗಳು," ಅಂದ ಇಬ್ನ್ ಜರ್ವಲ್,
ಹೊಟ್ಟೆಯನ್ನು ಮೇಲಂಗಿಯೊಳಗೆ ಸರಿಮಾಡಿಕೊಳ್ಳುತ್ತ.
ಎದುರಿಗೆ ಉಮ್ಮು ಖಿರಾಶ್, ತಮೀಮ್ ಕುಲದ ಮುದುಕಿ,
ನೀರಿಂಗಿದ ತೊಗಲಚೀಲದಂಥವಳು.
"ಯಾರಿಗೆ, ನಿನಗೋ?"
ಒಂಟೆಯವರು ನಕ್ಕರು. ಒಂಟೆಯೊಂದೂ ತುಟಿ ಎತ್ತಿತು.
"ಗ್ರಂಥಕ್ಕೆ," ಅಂದ ಒಡೆಯ. ಕಿವಿ ಕೆಂಪಾಗಿತ್ತು.

ಆಮೇಲೆ ಕೊಟ್ಟಳು,
ಕಳ್ಳಹಸುವಿನ ಹಾಲು ಕರೆದ ಹಾಗೆ, ತಡೆದು ತಡೆದು.
ಸಮೀನ್, ಕೊಬ್ಬಿದವನು. "ತುಪ್ಪವೂ ಅದೇ ಬೇರಿಂದು, ಸಮ್ನ್.
ತಿಂದದ್ದು ಕರಗಿದರೂ ಹೆಸರು ಕರಗದು."
ಬಾದಿನ್, ಒಡಲು ತುಂಬಿದವಳು.
ಅದೇ ಬೇರಿಗೆ ಇನ್ನೊಂದು ಕೊಂಬೆ: ಬದ್ದನ, ಮುದಿಯಾದ.
"ಮೈಯೂ ವಯಸ್ಸೂ ಒಂದೇ ಬಾಗಿಲಿಂದ ಬರುತ್ತವೆ," ಅಂದಳು,
ತನ್ನ ಮೊಣಕೈ ಮೂಳೆ ನೋಡಿಕೊಂಡು,
"ನನ್ನ ಮನೆಗೆ ಒಂದೇ ಬಂತು."
ಅಬ್ಲ್, ತೋಳು ದಪ್ಪ.
ಕಿನಾಜ್, ಮಾಂಸ ಬಿಗಿದ ಹೆಣ್ಣೊಂಟೆ,
ಬುಟ್ಟಿಗೆ ಖರ್ಜೂರ ತುಳಿದು ತುಂಬಿದಂತೆ.
ಜಜ್ಲ್, ತೋರ ಸೌದೆ. ಬೇಗ ಹೊತ್ತದು, ಬೇಗ ಆರದು;
ತೂಕದ ಮಾತಿಗೂ ಅದೇ ಹೆಸರು.
ರದಾಹ್, ಸೊಂಟದ ಭಾರಕ್ಕೆ ನಿಧಾನ ನಡೆವವಳು,
ನೂರು ಕೈ ಇಳಿಯುವ ಅನ್ನದ ಬೋಗುಣಿ,
ತನ್ನ ಜನದ ಭಾರಕ್ಕೇ ಮೆಲ್ಲಗೆ ಸರಿಯುವ ದಂಡು.

ನಾನು ಬರೆಯುತ್ತಲೇ ಇದ್ದೆ. ತಲೆಯೊಳಗೆ ಒಬ್ಬಳೇ ಇದ್ದಳು.

ಅಮ್ಮ, ಮಾಹ್‌ಬಾನು, ಅಹ್ವಾಜಿನಿಂದ ಬಂದವಳು,
ಕಾಲುವೆ ಬದಿಯಲ್ಲಿ ರೊಟ್ಟಿ ಸುಡುವವಳು.
ಬಗ್ಗಿ ಒಲೆಯೊಳಗೆ ತೋಳು ಇಳಿಸಿದರೆ
ಓಣಿಗೆ ಓಣಿಯೇ ಮುಚ್ಚಿಹೋಗುತ್ತಿತ್ತು.
ಹುಡುಗರು ಕೂಗುತ್ತಿದ್ದರು:
ಥಕೀಲಾ, ಥಕೀಲಾ, ದೋಣಿ ಹತ್ತಬೇಡ!
ಥಕೀಲ್ ಅಂದರೆ ಭಾರ.
ಉಂಡ ಮೇಲೂ ಎದ್ದು ಹೋಗದ ನೆಂಟನಿಗೂ ಅದೇ ಮಾತು.
ಒಮ್ಮೆ ನಾನೂ ಕೂಗಿದ್ದೆ, ಗುಂಪಿನ ಹಿಂದೆ ನಿಂತು,
ಬಾಯಿಗೆ ಕೈ ಅಡ್ಡ ಹಿಡಿದು.
ಅವಳು ತಿರುಗಲಿಲ್ಲ. ರೊಟ್ಟಿಯೊಂದು ಸೀದಿತು.

ಹೊತ್ತು ಇಳಿದಾಗ ಒಡೆಯ ಕೇಳಿದ:
"ಥ, ಕ, ಲ. ಈ ಬೇರಲ್ಲಿ ಏನಾದರೂ ಉಂಟೋ?"
ನನ್ನ ಲೇಖನಿ ನಿಂತುಬಿಟ್ಟಿತು.
"ಥಕಾಲ್," ಅಂದಳು ಮುದುಕಿ.
"ಗಾಳಿ ಅಲುಗಿಸಲಾರದ ಹೆಂಗಸು.
ಅಂಥವಳು ಕೂತರೆ ಡೇರೆಗೆ ಗೂಟ ಬೇಡ.
ನಮ್ಮ ಗಂಡಸರು ಪದ್ಯ ಕಟ್ಟಿದ್ದೆಲ್ಲ ಅಂಥವರ ಮೇಲೆ,
ನನ್ನಂಥ ಕಡ್ಡಿಯ ಮೇಲೆ ಯಾವನು ಕಟ್ಟಿದ?"
ಒಡೆಯ ಎರಡು ಹಿಡಿ ಕೊಟ್ಟ. ಅವಳು ಎಣಿಸಿಕೊಂಡಳು.

ಎರಡನ್ನೂ ಒಂದರ ಕೆಳಗೊಂದು ಬರೆದು ನೋಡಿದೆ.
ಥಕೀಲಿನ ನಡುವೆ ಪುಟ್ಟದೊಂದು ಹಲ್ಲು.
ಥಕಾಲಿನಲ್ಲಿ ಆ ಹಲ್ಲಿನ ಜಾಗಕ್ಕೆ
ನೆಟ್ಟಗೆ ನಿಂತ ಒಂದು ಕಂಬ.
ಮಸಿ ಒಣಗುವ ತನಕ ಊದುತ್ತಲೇ ಇದ್ದೆ.

ರಾತ್ರಿ ಬೂದಿ ಬಗೆಯುತ್ತಿದ್ದ ಅಮ್ಮನಿಗೆ ಹೇಳಿದೆ,
ಕಥೆ ಪಾರ್ಸಿಯಲ್ಲಿ, ಪದ ಮಾತ್ರ ಅರಬಿಯಲ್ಲಿ:
ಹಲ್ಲು, ಕಂಬ, ದಂಡು, ಬೋಗುಣಿ.
ಅವಳು ಸೆರಗಿಗೆ ಕೈ ಒರೆಸಿಕೊಂಡಳು.
"ನೂರು ಜನ ಉಂಡ ಬೋಗುಣಿ, ಸರಿ.
ಅದನ್ನು ತೊಳೆದವಳಿಗೆ ಏನಂತಾರೆ?"
ಹಾಳೆ ತಿರುವಿದೆ. ಇರಲಿಲ್ಲ.
"ನಾಳೆ ಕೇಳಿಕೊಂಡು ಬಾ.
ಪಾಪ, ಮುದುಕಿ ಬರೀ ಖರ್ಜೂರದಲ್ಲಿ ಎಷ್ಟು ದಿನ ಬದುಕೀತು?"
ನಾಲ್ಕು ರೊಟ್ಟಿ ಬಟ್ಟೆಯಲ್ಲಿ ಸುತ್ತಿದಳು,
ಮತ್ತೆ ಬಿಚ್ಚಿ ಐದನೆಯದು ಇಟ್ಟಳು.

ದೀಪ ಊದುವ ಮುನ್ನ, ಗೋಡೆಗೆ ಮುಖ ಮಾಡಿ ಅಂದಳು:
"ಕೈ ಅಡ್ಡ ಹಿಡಿದರೆ
ಮಗನ ದನಿ ಗೊತ್ತಾಗೋದಿಲ್ಲ ಅಂದುಕೊಂಡೆಯಾ?"

ಕತ್ತಲಲ್ಲಿ ಮಂಚದ ಹಲಗೆ ಕಿರುಗುಟ್ಟಿತು,
ಅವಳು ಮಲಗಿದಳು.