ಹಿಂದಿನ ಸೀಟು

ಶನಿವಾರ ಬೆಳಗಿನ ನಾಲ್ಕೂಕಾಲು. ಲಿಂಗರಾಜಪುರದ ಗೇಟಿನ ಮುಂದೆ
ಹೆಲ್ಮೆಟ್ಟು ತೊಟ್ಟೇ ನಿಂತಿದ್ದ ಫೆಲಿಕ್ಸಣ್ಣ,
ಶಾಲೆಯ ವ್ಯಾನಿಗೆ ಕಾಯುವ ಹುಡುಗನ ಹಾಗೆ.
ಎಡ ಮೊಣಕಾಲಿನೊಳಗೆ ಈಗ ಉಕ್ಕು.
"ಹಿಂದೆ ಕೂತು ಅಭ್ಯಾಸ ಇಲ್ಲ ಕಣೋ ಚೌಡೇಶ,
ಎಲ್ಲಿ ಹಿಡ್ಕೊಳ್ಳೋದು?"

ಮೂವತ್ತೊಂದು ವರ್ಷ ಎಲ್ಲರನ್ನೂ ಹಿಂದೆ ಕೂರಿಸಿಕೊಂಡವನು:
ಹೆಂಡತಿಯನ್ನು, ಗ್ಯಾಸ್ ಸಿಲಿಂಡರನ್ನು, ಒಮ್ಮೆ
ಕಮ್ಮನಹಳ್ಳಿಯಿಂದ ಒಂದು ಹೊಲಿಗೆ ಮಷೀನನ್ನು.

ಅವನ ಯೆಜ್ಡಿ ಈಗ ನನ್ನದು.
ದುಡ್ಡು ಕೊಟ್ಟೇ ತಗೊಂಡದ್ದು. ಆದರೂ
ಪ್ರತಿ ಸಲ ಕೀ ತಿರುಗಿಸುವಾಗ
ಯಾರದೋ ಅಡುಗೆಮನೆಯಲ್ಲಿ
ಸಕ್ಕರೆ ಡಬ್ಬ ಹುಡುಕಿದ ಹಾಗಾಗುತ್ತದೆ.

ಕೆ.ಆರ್. ಪುರದ ತೂಗುಸೇತುವೆ ಕೆಳಗೆ ಉಳಿದವರು:
ನಯಾಜ್, ಸೀಟಿನಡಿ ಮೂರು ಸ್ಪಾರ್ಕ್ ಪ್ಲಗ್ ಇಟ್ಟುಕೊಂಡೇ ಮಲಗುವವನು;
ಸೆಲ್ವ, ಹೊಸ ಗಾಡಿಗೆ ಎರಡು ಬದಿ ಫ್ರಿಜ್ಜಿನಷ್ಟು ಪೆಟ್ಟಿಗೆ;
ಮಲ್ಲೇಶ್ವರದ ಅಂಚೆ ಕೌಂಟರಿನ ತೇಜೋವತಿ,
ಬುಲೆಟ್ಟು ಆರಿಸದೆ ಕೂತೇ ಕಾಫಿ ಕುಡಿಯುತ್ತಾ.
ಹೊಸಕೋಟೆಯಲ್ಲಿ, ಇನ್ನೂ ಬೆಳಕು ಹರಿಯದ ಹೊತ್ತಿಗೆ,
ಬಿರಿಯಾನಿಗೆ ಕ್ಯೂ ನಿಂತೆವು, ಇಡೀ ಬೆಂಗಳೂರೇ ಹಸಿದು ಎದ್ದಂತೆ.
ಅವಳು ಪಕ್ಕಕ್ಕೆ ನಿಂತು ಬಾಳೆಹಣ್ಣು ಸುಲಿದಳು:
"ಸೋಮವಾರದವರೆಗೂ ನಿಮ್ಮ ಜಾಕೆಟ್ಟು ನಾರುತ್ತೆ."

ಅಲ್ಲಿಂದ ಮುಂದೆ ಗೊತ್ತಾಯಿತು.
ಮುಂದಿನ ಲಾರಿಯ ಕೆಂಪು ದೀಪ ಹತ್ತುವ ಮೊದಲೇ
ನನ್ನ ಬೆನ್ನ ಹಿಂದೆ ಅವನ ಬಲಗಾಲು ಒತ್ತುತ್ತದೆ
ಇಲ್ಲದ ಬ್ರೇಕನ್ನು.
ಒತ್ತಿ, ಬಿಟ್ಟು, ಮತ್ತೆ ಒತ್ತಿ.
ತಿರುವು ಬಂದರೆ ನನಗಿಂತ ಅರೆಗಳಿಗೆ ಮೊದಲೇ ವಾಲುತ್ತಾನೆ.
ಭುಜದ ಮೇಲೆ ಮೂರು ಬೆರಳು ತಟ್ಟಿದರೆ
ಮೂರನೇ ಗೇರಿಗೆ ಇಳಿಸು ಎಂದು.
ಇಳಿಸಿದೆ. ಸರಿಯಾಗಿತ್ತು. ಅದೇ ಸಿಟ್ಟು ನನಗೆ.

ಆವಣಿಯ ಬೆಟ್ಟ ಅವನು ಹತ್ತಲಿಲ್ಲ.
ಕೆಳಗೆ ಬಂಡೆಯ ನೆರಳಲ್ಲಿ ಕೂತ,
ಸುತ್ತ ಐದು ಹೆಲ್ಮೆಟ್ಟು,
ಐದು ತಲೆ ಕಾಯುವ ಕಾವಲುಗಾರ.
ಇಳಿದು ಬಂದಾಗ ಐದರ ಗಾಜೂ ಥಳಥಳ:
ನೂರು ಕಿಲೋಮೀಟರಿನ ಹುಳುಗಳನ್ನು
ತನ್ನ ಕರ್ಚೀಫಿನಿಂದ, ಎಂಜಲು ಹಚ್ಚಿ, ಒರೆಸಿಟ್ಟಿದ್ದ.
"ಎಂಜಲಾ?" ಅಂದಳು ತೇಜೋವತಿ.
"ವೃದ್ಧರ ಎಂಜಲು, ಪ್ರಸಾದ," ಅಂದ.

ರಾತ್ರಿ ಏನು ಮಾತಾಡಿದೆವು ನೆನಪಿಲ್ಲ.
ಕಾರ್ಬುರೇಟರ್, ಸಕ್ಕರೆ ಕಾಯಿಲೆ, ಸೆಲ್ವನ ಮಗಳ ಸೀಟು.
ಫೆಲಿಕ್ಸಣ್ಣನ ಗೊರಕೆಗೆ ನಯಾಜ್ ಕಿವಿಯಾನಿಸಿ
"ಟೈಮಿಂಗ್ ಸರಿ ಇಲ್ಲ" ಎಂದದ್ದು ಮಾತ್ರ ನೆನಪಿದೆ.

ಭಾನುವಾರ ಸಂಜೆ ಟಿನ್ ಫ್ಯಾಕ್ಟರಿಯಲ್ಲಿ ಐವತ್ತು ನಿಮಿಷ.
ಎರಡು ಬಸ್ಸುಗಳ ನಡುವೆ ಇಂಜಿನ್ ಕಾವಿನಲ್ಲಿ ಬೆಂದೆವು.
ಅವನ ಕಾಲು ಮಾತ್ರ ಒತ್ತುತ್ತಲೇ ಇತ್ತು,
ನಿಂತ ಗಾಡಿಗೂ ಬ್ರೇಕು.

ಗೇಟಿನ ಮುಂದೆ ಇಳಿದ. ಹೆಲ್ಮೆಟ್ಟು ಬಿಚ್ಚಲಿಲ್ಲ.
"ಒಂದ್ಸಲ ಕೂರ್ತೀನಿ."
ಯೆಜ್ಡಿಗೆ ಕಿಕ್ಕೂ ಗೇರೂ ಒಂದೇ ಲಿವರು, ಅದೂ ಎಡಕ್ಕೆ,
ಉಕ್ಕಿನ ಮೊಣಕಾಲಿನ ಕಡೆಗೇ.
ನಾನು ಪಕ್ಕ ನಿಂತು ತುಳಿದೆ. ಹತ್ತಿತು.
ಎದುರು ಮನೆಯ ನಾಯಿ ಎದ್ದು ಕೂತಿತು.
ಆಕ್ಸಿಲರೇಟರ್ ತಿರುವಿದ, ಒಮ್ಮೆ, ಎರಡು ಸಲ,
ಮೇಲಿನ ಕಿಟಕಿಯಲ್ಲಿ ಗ್ರೇಸಿಯಕ್ಕನ ಮುಖ.
"ಒಂದನೇ ಗೇರು," ಅಂದ, ನನ್ನ ಕಡೆ ನೋಡದೆ.
ಬಗ್ಗಿ ಲಿವರ್ರನ್ನು ಅಂಗೈಯಿಂದ ಅದುಮಿದೆ.

ಹೋದ.
ಟ್ರಾನ್ಸ್‌ಫಾರ್ಮರಿನ ತನಕ, ನೀಲಿ ಹೊಗೆ ಎಳೆಯುತ್ತಾ,
ನಡುರಸ್ತೆಯಲ್ಲಿ ನೇರ.
ನಾನು ಹಿಂದೆ ಹಿಂದೆ ಓಡಿದೆ, ಬೂಟು ಜಾಕೆಟ್ಟಿನ ಸಮೇತ,
ಓಡುತ್ತಲೇ ನನ್ನ ಬಲಗಾಲು
ಪ್ರತಿ ಹೆಜ್ಜೆಗೂ ಏನನ್ನೋ ಒತ್ತುತ್ತಾ.