ಕಾವಿನ ಲೆಕ್ಕ

ಕಪನೂರಿನ ಬ್ಯಾಳಿ ಮಿಲ್ಲಿನ ಹಿಂದ
ನಿನ್ನೆ ರಾತ್ರಿ ಸತ್ತ ಕೇಬಲ್ಲು
ಮಧ್ಯಾಹ್ನಕ್ಕ ಮ್ಯಾಲ ಬಂತು.
ಮೌಲಾಲಿ ಹೊಟ್ಟಿ ಸೀಳಿ ತೋರಿಸಿದ:
ಹಾಲು ಬಿಳುಪಿನ ಇನ್ಸುಲೇಷನ್ನು
ಸೀದ ರೊಟ್ಟಿಯ ಅಂಚಿನಂಗ.
"ಒಂದೇ ದಿನದ ಸಾವಲ್ಲರೀ ಸರ,
ವರ್ಷಾನುಗಟ್ಲೆ ಬೆಂದದ ಇದು."

ಗುತ್ತೇದಾರ ಧೂಳಪ್ಪನ ಕೈಯಾಗ ಕ್ಯಾಟಲಾಗು.
ನೂರಾ ಎಂಬತ್ತೈದರ ಕೇಬಲ್ಲಿಗೆ
ಇನ್ನೂರ ಎಪ್ಪತ್ತು ಆಂಪಿಯರು;
ಮಿಲ್ಲು ಎಳೆಯೋದು ನೂರಾ ಎಂಬತ್ತು.
"ಅದನ್ನೇ ಹಾಕೂಣು, ತೊಂಬತ್ತು ಉಳೀತದ."

ಉಳೀತದ ಧೂಳಪ್ಪ,
ಆ ಪುಸ್ತಕದ ಊರಾಗ.
ಅಲ್ಲಿ ನೆಲದೊಳಗ ಮೂವತ್ತು ಡಿಗ್ರಿ,
ಮಣ್ಣು ಸದಾ ಹಸಿ,
ತೋಡಿನಾಗ ಕೇಬಲ್ಲು ಒಂದೇ,
ಕಾಲು ಚಾಚಿ ಮಲಗಿರ್ತದ.

ಇಲ್ಲಿ ಮೇ ತಿಂಗಳು.
ಎರಿ ನೆಲ ಬಾಯಿ ಬಿಟ್ಟದ.
ಮೌಲಾಲಿ ಬಿರುಕಿನಾಗ ಕೈ ಇಳಿಸಿದ,
ಮೊಣಕೈ ತನಕ, ಮತ್ತ ತೋಳ ತನಕ.
"ಬರೇ ಗಾಳಿ" ಅಂದ.
ಕಾವು ದಾಟಿ ಹೋಗಬೇಕಂದರ
ಮಣ್ಣಿಗೆ ಮಣ್ಣು ತಾಕಬೇಕು.
ಒಣಗಿದ ಎರಿ
ಜ್ವರ ಬಂದವರಿಗೆ ಕೌದಿ ಹೊಚ್ಚತದ.

ಜೀಪಿನ ನೆರಳಾಗ ಕುಂತು ಗುಣಿಸಿದೆ.
ನೆಲದ ಬಿಸಿಗೆ ನೂರಕ್ಕ ತೊಂಬತ್ತೊಂದು,
ಒಣ ಮಣ್ಣಿಗೆ ಎಂಬತ್ತು.
ಉಳಿದದ್ದು ನೂರಾ ತೊಂಬತ್ತಾರು.
ಅಂದರ ಸಾಕಿತ್ತು,
ಮೊದಲು ಹಾಕಿದವನ ತಪ್ಪಲ್ಲ.
ಮತ್ತ ಯಾಕ ಸುಟ್ಟಿತು?

ಮೌಲಾಲಿ ಸಲಿಕಿ ತುದಿಲೆ ಮಣ್ಣು ಸರಿಸಿದ.
ಮಗ್ಗುಲಾಗ ಇನ್ನೊಂದು,
ಐಸ್ ಫ್ಯಾಕ್ಟರಿದು,
ಮೈಗೆ ಮೈ ಹಚ್ಚಿಕೊಂಡು.

ಒಂಬತ್ತು ವರ್ಷದ ಹಿಂದ
ಅಗೆಯೋ ಖರ್ಚು ಉಳೀತದಂತ
ಅದೇ ತೋಡಿನಾಗ ಅದಕ್ಕ ಜಾಗ ಕೊಟ್ಟ ಕಡತ
ನನಗ ಗೊತ್ತದ.
ಸಹಿ ನಂದು.
ಹೊಸದರ ಲೆಕ್ಕ ಎರಡು ಸಲ ಮಾಡಿದ್ದೆ.
ಹಳೇದನ್ನ ಕೇಳಿದ್ದಿಲ್ಲ.

ಮತ್ತೊಂದು ಎಂಬತ್ತು.
ನೂರಾ ಐವತ್ತೇಳು.

ಧೂಳಪ್ಪ ಹಾಳಿ ನೋಡಿದ,
ನನ್ನ ಮಾರಿ ನೋಡಿದ,
ಟವೆಲ್ಲಿಲೆ ಕುತ್ತಿಗಿ ಒರಸಿಕೊಂಡ.

ಬ್ಯಾರೆ ತೋಡು ಅಂತ ಬರೆದೆ, ಒಂದು ಮಾರು ದೂರ.
ಕೆಳಗ ಜರಡಿ ಹಿಡಿದ ಮರಳು,
ಮ್ಯಾಲ ಶಹಾಬಾದ್ ಕಲ್ಲು.
ಒಂಟಿಯಾಗಿ ಇರೋದಾದರ ಹಳೇ ಅಳತಿನೇ ಸಾಕು,
ಲೆಕ್ಕ ಹಂಗೇ ಹೇಳತಿತ್ತು.
ಆದರೂ ಇನ್ನೂರ ನಲವತ್ತರದು ಬರೆದೆ.
ನಾಳೆ ಇನ್ಯಾರೋ ಬರತಾರ,
ಇದರ ಮಗ್ಗುಲಿಗೂ
ಇನ್ನೊಂದಕ್ಕ ಸಹಿ ಮಾಡತಾರ.

ಸಂಜಿಗೆ ಆಫೀಸಿಗೆ ಬಂದ ಮೌಲಾಲಿ
ಸುಟ್ಟ ಕೇಬಲ್ಲಿನ ಗೇಣುದ್ದ ತುಂಡು
ನನ್ನ ಟೇಬಲ್ಲಿನ ಮ್ಯಾಲ ಇಟ್ಟ.
"ಇರಲಿ ಸರ," ಅಂದ,
"ಫ್ಯಾನಿನ ಗಾಳಿಗೆ ಕಾಗದ ಹಾರತಾವ."